ಪಟದ ಮನೆಯ ಬಾಚಿ

ಬೆಟ್ಟದ ಮೇಲೊಂದು ಬೆಟ್ಟ, ಆ ಬೆಟ್ಟದ ಹೆಗಲ ಮೇಲೊಂದು ಊರು. ಊರಿನ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ, ಏಕೆಂದರೆ ಕೇಳುವವರು ಯಾರೂ ಅಷ್ಟು ದೂರ ಹತ್ತಿ ಬರುತ್ತಿರಲಿಲ್ಲ. ಬೆಳಗಾದರೆ ಮೋಡ ಬಂದು ಬಾಗಿಲಲ್ಲಿ ನಿಲ್ಲುತ್ತಿತ್ತು. ಬಾಗಿಲು ಎಂದೆನಲ್ಲ, ತಪ್ಪಾಯಿತು. ಬಾಗಿಲುಗಳು ಎಂದೋ ಮುರಿದುಹೋಗಿ ಆ ಜಾಗದಲ್ಲಿ ಗೋಣಿತಟ್ಟು ಇಳಿಬಿಟ್ಟಿದ್ದರು. ಮೋಡ ಗೋಣಿತಟ್ಟು ಸರಿಸಿ ಒಳಗೇ ಬಂದು, ಒಲೆಯ ಪಕ್ಕ ಒಂದಿಷ್ಟು ಹೊತ್ತು ಕೂತು, ಹೇಳದೆ ಕೇಳದೆ ಎದ್ದು ಹೋಗುತ್ತಿತ್ತು.

ಹಾಗೆಂದು ಅವರನ್ನು ಸಾಮಾನ್ಯರೆಂದುಕೊಳ್ಳಬೇಡಿ. ಅವರ ಹಿರಿಯರು ಮರದ ಕೆಲಸದಲ್ಲಿ ಎತ್ತಿದ ಕೈ. ಒಂದೂ ಮೊಳೆಯಿಲ್ಲದೆ ಮನೆ ಎತ್ತಿದವರು, ಬಂಡೆಯಂಥ ಬೀಟೆಯನ್ನು ಬೆಣ್ಣೆಯಂತೆ ಕೆತ್ತಿದವರು, ಆಳ ಕಾಣದ ಕಣಿವೆಗೆ ಒಂದೇ ತೊಲೆಯ ಸಂಕ ಹಾಸಿ ಆಚೆ ದಡವನ್ನು ಈಚೆಗೆ ಕಟ್ಟಿದವರು. ಈ ಕತೆಗಳನ್ನು ಮೊಮ್ಮಕ್ಕಳು ನೆಲದ ಮೇಲೆ ಕೂತು ಹೇಳಿಕೊಳ್ಳುತ್ತಿದ್ದರು, ಕೂರಲು ಮಣೆಗಳೂ ಉಳಿದಿರಲಿಲ್ಲ. ನಮ್ಮಜ್ಜ ತುಪ್ಪ ತಿಂದಿದ್ದ, ಬೇಕಾದರೆ ನನ್ನ ಕೈ ಮೂಸಿ ನೋಡು ಅನ್ನುವ ಜನ.

ಊರ ನಡುವೆ ಪಟದ ಮನೆ. ಊರಿನಲ್ಲಿ ಗಟ್ಟಿ ಬಾಗಿಲು ಇದ್ದದ್ದು ಅದಕ್ಕೊಂದಕ್ಕೇ. ಒಳಗೆ ನಾಲ್ಕೂ ಗೋಡೆಯ ಮೇಲೆ ಹಿರಿಯರ ಪಟಗಳು, ಒಂದೊಂದು ಪಟದ ಕೆಳಗೂ ಒಂದು ಗೂಟ, ಗೂಟದಲ್ಲಿ ಆ ಹಿರಿಯನ ಆಯುಧ. ಕೊಡಲಿಯವನ ಕೆಳಗೆ ಕೊಡಲಿ, ಉಳಿಯವನ ಕೆಳಗೆ ಉಳಿ, ಬೈರಿಗೆಯವನ ಕೆಳಗೆ ಬೈರಿಗೆ. ಪಟದಲ್ಲೂ ಅವರು ಅದೇ ಆಯುಧವನ್ನು ಹಿಡಿದಿದ್ದರು. ಎಲ್ಲರೂ ನಿಂತೇ ಇದ್ದರು, ಎಲ್ಲರ ಹಿಂದೆಯೂ ಒಂದು ಖಾಲಿ ಮುಕ್ಕಾಲಿ ಇತ್ತು, ಎಲ್ಲರ ಕೈಯೂ ಮುಂದಕ್ಕೆ ಚಾಚಿತ್ತು. ಆಯುಧದ ಬಾಯಿ ಅವರ ಕಡೆಗೆ, ಹಿಡಿಯುವ ಕಾವು ನೋಡುವವರ ಕಡೆಗೆ. ಕಬ್ಬಿಣದ ಕೋಪ ಮಕ್ಕಳಿಗೆ ತಾಗದಿರಲಿ ಎಂದು ಅವರು ಅಲಗನ್ನು ತಮ್ಮ ಅಂಗೈಯಲ್ಲಿ ಅಡಗಿಸಿಕೊಂಡಿದ್ದಾರೆ ಎಂದು ಊರವರು ಹೇಳುತ್ತಿದ್ದರು. ಹೇಳಿ ಕಣ್ಣು ಒರೆಸಿಕೊಳ್ಳುತ್ತಿದ್ದರು.

ದಿನವೂ ಹೊತ್ತಿಳಿಯುವಾಗ ಊರೆಲ್ಲ ಅಲ್ಲಿ ಸೇರುತ್ತಿತ್ತು. ಕೀಲಿಕೈ ಇದ್ದದ್ದು ಕೀಲಿಯಜ್ಜನ ಸೊಂಟದಲ್ಲಿ. ಅವನು ಬಾಗಿಲು ತೆರೆದು, ಕಣ್ಣು ಮುಚ್ಚಿ ಹೇಳುತ್ತಿದ್ದ: “ಹಿಡಿದವರ ಕೈ ಬರಿದಾಗದಿರಲಿ.” ಎಲ್ಲರೂ ಕಣ್ಣು ಮುಚ್ಚಿ ಹೇಳುತ್ತಿದ್ದರು: “ಹಿಡಿದವರ ಕೈ ಬರಿದಾಗದಿರಲಿ.” ಆಮೇಲೆ ಬಾಗಿಲು ಹಾಕಿಕೊಂಡು, ಮುರಿದ ಮನೆಗಳಿಗೆ ನೆಮ್ಮದಿಯಿಂದ ಹಿಂದಿರುಗುತ್ತಿದ್ದರು.

ಆ ಮಾತಿನ ಹಿಂದೆ ಒಂದು ನಡೆದ ಸಂಗತಿ ಇತ್ತು. ಹಿಂದೊಮ್ಮೆ ಒಬ್ಬ ತರುಣ ತನ್ನ ಅಜ್ಜನ ಗರಗಸವನ್ನು ಗೂಟದಿಂದ ತೆಗೆದ. ಮನೆಗೆ ಸೂರು ಹಾಕಬೇಕಿತ್ತು, ತೆಗೆದ, ಅಷ್ಟೆ. ತೆಗೆದ ಗಳಿಗೆಯಲ್ಲೇ ಗೋಡೆಯ ಮೇಲಿನ ಪಟದೊಳಗಿನ ಗರಗಸ ಕನ್ನಡಿಯ ಮೇಲಿನ ಉಸಿರಿನಂತೆ ಮಾಸಿ ಮಾಸಿ ಇಲ್ಲವಾಯಿತು. ಅಜ್ಜನ ಚಾಚಿದ ಕೈ ಬರಿದಾಗಿ ಉಳಿಯಿತು. ಊರಿಗೆ ಊರೇ ಗೋಳೋ ಎಂದಿತು. ಸತ್ತವನನ್ನು ಎರಡನೇ ಸಲ ಸಾಯಿಸಿದೆ ಎಂದು ತರುಣನನ್ನು ಶಪಿಸಿತು. ನೋಡಲಾರದೆ ಆ ಪಟವನ್ನು ಆಗಲೇ ಗೋಡೆಗೆ ಮುಖ ಮಾಡಿ ತಿರುಗಿಸಿಬಿಟ್ಟರು. ತರುಣ ಗರಗಸ ಹೊತ್ತು ಸಂಕ ದಾಟಿ ಆಚೆ ದಡಕ್ಕೆ ಹೋದವನು ಮತ್ತೆ ಬರಲಿಲ್ಲ. ಗಾಳಿಯಿಲ್ಲದ ಬೆಳಿಗ್ಗೆಗಳಲ್ಲಿ ಆಚೆಯಿಂದ ಸರ್‍ರ ಸರ್‍ರ ಎಂಬ ಸದ್ದು ಬರುತ್ತಿತ್ತು. ಅದೊಂದು ಹಕ್ಕಿ ಎಂದು ಊರು ತೀರ್ಮಾನಿಸಿತು.

ಅಂದಿನಿಂದ ಆಯುಧ ಮುಟ್ಟುವ ಹಕ್ಕು ಒಬ್ಬಳಿಗೇ, ಅದೂ ಬಟ್ಟೆಯ ಮೂಲಕ. ಅವಳು ಎಣ್ಣೆಯವ್ವ. ತುಕ್ಕು ಹಿಡಿಯದಂತೆ ಕಬ್ಬಿಣಕ್ಕೆ ಎಣ್ಣೆ ಸವರುವುದು, ಬಿರಿಯದಂತೆ ಕಾವಿಗೆ ಎಣ್ಣೆ ಕುಡಿಸುವುದು, ಪಟದ ಗಾಜು ಒರೆಸುವುದು ಅವಳ ಕೆಲಸ. ಊರಿನ ಸೂಲಗಿತ್ತಿಯೂ ಅವಳೇ. ಎಣ್ಣೆ ಹಚ್ಚಿದ ಅವಳ ಕೈಯಿಂದಲೇ ಊರಿನ ಮಕ್ಕಳೆಲ್ಲ ಈ ಲೋಕಕ್ಕೆ ಜಾರಿ ಬಂದದ್ದು.

ಪಟದ ಮನೆಯ ಕೊನೆಯ ಪಟ ಅವಳ ಗಂಡನದು. ಊರಿನಲ್ಲಿ ಮರ ಕೆತ್ತಿದ ಕೊನೆಯ ಮನುಷ್ಯ ಅವನು. ಮರದ ಮೈಯನ್ನು ಸವರಿ ಸಮ ಮಾಡುವ ಬಾಚಿ ಅವನ ಆಯುಧ. ಎಡಚ. ಅವನು ಕೆತ್ತಿದ ಹಲಗೆಯ ಮೇಲೆ ಬಾಚಿಯ ಏಟುಗಳು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಎಡಕ್ಕೆ ಒರಗಿ ಬೀಳುತ್ತಿದ್ದವು. ಅಂಥ ಒಂದು ಹೊಸಿಲನ್ನು ಅವನು ತನ್ನ ಮನೆಗೆ ಇಟ್ಟಿದ್ದ. ಬಾಗಿಲು ಹೋಗಿತ್ತು, ಹೊಸಿಲು ಇತ್ತು. ಅವರ ಒಬ್ಬಳೇ ಮಗಳು ಅಂಬೆಗಾಲಿಕ್ಕಿದ್ದು, ಎದ್ದು ನಿಂತದ್ದು, ಮೊದಲ ಹೆಜ್ಜೆ ಇಟ್ಟದ್ದು ಎಲ್ಲ ಆ ಹೊಸಿಲಿನ ಮೇಲೆ.

ಪಟ ತೆಗೆದ ದಿನ ಎಣ್ಣೆಯವ್ವನಿಗೆ ಚೆನ್ನಾಗಿ ನೆನಪಿತ್ತು. ಕೆಳಗಿನ ಸೀಮೆಯಿಂದ ಪೆಟ್ಟಿಗೆ ಹೊತ್ತವನು ಬಂದಿದ್ದ. ಕರೀ ಬಟ್ಟೆಯೊಳಗೆ ತಲೆ ಹುದುಗಿಸಿ, “ಮುಕ್ಕಾಲಿ ಇಟ್ಟಿದ್ದೀನಲ್ಲ ಯಜಮಾನರೇ, ಕೂತ್ಕೊಳ್ಳಿ” ಎಂದಿದ್ದ. ಗಂಡ, “ಆಮೇಲೆ ಕೂತ್ಕೋತೀನಿ” ಎಂದು ಬಾಚಿ ಹಿಡಿದು ನಿಂತೇಬಿಟ್ಟ. ಮೊಂಡ ಅಂದರೆ ಮೊಂಡ ಎಂದು ಅವಳು ಆಗ ನಕ್ಕಿದ್ದಳು. ಈಗ ಪ್ರತಿದಿನ ಆ ಗಾಜು ಒರೆಸುವಾಗ ಅವಳ ಬಟ್ಟೆ ಅವನ ಮುಖದ ಮೇಲೆಯೇ ಸುತ್ತುತ್ತಿತ್ತು. ಬಿಗಿದ ತುಟಿ, ಕಿರಿದಾದ ಕಣ್ಣು. ಏನನ್ನೋ ತಡೆದುಕೊಂಡವನ ಮುಖ. ನನ್ನ ಮೇಲೆ ಏನು ಸಿಟ್ಟಿತ್ತೋ ಎಂದು ಅವಳು ಕೇಳುತ್ತಿದ್ದಳು. ಹೆಂಡತಿಯಾದವಳು ಮುಖ ನೋಡುತ್ತಾಳೆಯೇ ಹೊರತು ಕೈ ನೋಡುವುದುಂಟೇ? ಈ ಲೋಕದಲ್ಲಿ ಅವಳಿಗೆ ಉಳಿದಿದ್ದ ಅವನ ಮುಖದ ಗುರುತು ಆ ಪಟ ಒಂದೇ. ಅದರ ಕೈ ಬರಿದಾದೀತು ಎಂಬ ಯೋಚನೆಗೇ ಅವಳ ಎದೆ ಝಲ್ಲೆನ್ನುತ್ತಿತ್ತು.

ಮಗಳನ್ನು ಆಚೆ ದಡಕ್ಕೆ ಕೊಟ್ಟಿದ್ದಳು. ಅಲ್ಲಿಯವರು ಕುರಿ ಮೇಯಿಸುವ ಜನ, ಒಳ್ಳೆಯವರು, ಆದರೆ ಅವರಲ್ಲಿ ಸೂಲಗಿತ್ತಿ ಇರಲಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಮಗು ತಾಯಿಯ ತಾಯಿಯ ಕೈಗೆ ಬೀಳಬೇಕು ಎನ್ನುವುದು ಎರಡೂ ದಡದ ಪದ್ಧತಿ. ದಿನ ತುಂಬುತ್ತ ಬಂದಿತ್ತು. ಅದೂ ಸುಲಭದ ಬಸಿರಲ್ಲ. ಕೂಸು ಅಡ್ಡ ತಿರುಗಿದೆ ಎಂದು ಹಿಂದಿನ ಸಲ ಬಂದಾಗಲೇ ಎಣ್ಣೆಯವ್ವನ ಬೆರಳುಗಳು ಹೇಳಿದ್ದವು. ಅದನ್ನು ತಿರುಗಿಸಬಲ್ಲ ಕೈ ಎರಡು ದಡಕ್ಕೂ ಸೇರಿ ಒಂದೇ ಇತ್ತು, ಅವಳದು. ಕಣಿವೆ ದಾಟುವ ದಾರಿಯೂ ಒಂದೇ ಇತ್ತು, ಸಂಕ.

ಕರೆತರುವ ದಿನ ಎಣ್ಣೆಯವ್ವ ಹೊಸಿಲು ತೊಳೆದು ಅರಿಶಿನ ಕುಂಕುಮ ಇಟ್ಟು, ನಾಲ್ಕು ಜನರ ಜೊತೆ ಸಂಕದ ಬಳಿ ಹೋಗಿ ನಿಂತಳು. ಆಚೆ ತುದಿಯಲ್ಲಿ ಮಗಳು ಕಾಣಿಸಿದಳು, ಒಂದು ಕೈ ಸೊಂಟದ ಮೇಲೆ, ಒಂದು ಕೈ ಗಂಡನ ಭುಜದ ಮೇಲೆ. ಸಂಕದ ತೊಲೆ ಹಳೆಯದು. ರಿಪೇರಿ ಮಾಡುವವರಿಲ್ಲದೆ ಊರವರು ವರ್ಷವರ್ಷವೂ ಅದಕ್ಕೆ ಬಳ್ಳಿ ಸುತ್ತಿ, ನಮಸ್ಕಾರ ಮಾಡಿ, “ಹಿರಿಯರ ಕೆಲಸ, ಅದಕ್ಕೇನಾದೀತು” ಎನ್ನುತ್ತಿದ್ದರು. ಆದರೂ ಮೊದಲು ಆಡು, ಆಮೇಲೆ ಆಳು ಎಂಬುದು ಅಲ್ಲಿಯ ರೂಢಿ. ಅಳಿಯ ಒಂದು ಆಡನ್ನು ಮುಂದೆ ಬಿಟ್ಟ. ಆಡು ನಡುವಿನವರೆಗೆ ಬಂತು, ನಿಂತಿತು, ಕಿವಿ ನೆಟ್ಟಗೆ ಮಾಡಿತು. ಏನು ಕೇಳಿಸಿತೋ, ಒಂದೇ ನೆಗೆತಕ್ಕೆ ಹಿಂದಕ್ಕೆ ಹಾರಿತು. ಆಮೇಲೆ ಎಲ್ಲರಿಗೂ ಕೇಳಿಸಿತು. ತೊಲೆ ನಡುವೆ ಲಟಕ್ಕನೆ ಮುರಿದು, ಅರ್ಧ ಕಣಿವೆಗೆ ಹೋಯಿತು, ಅರ್ಧ ಈಚೆ ದಡದಲ್ಲಿ ಬಳ್ಳಿಗೆ ಸಿಕ್ಕಿ ಜೋತಾಡಿತು. ಕೆಳಗೆ ಬಿದ್ದದ್ದರ ಸದ್ದು ಎಷ್ಟು ಹೊತ್ತಾದರೂ ಮೇಲೆ ಬರಲಿಲ್ಲ.

“ಅವ್ವಾ!” ಎಂದಳು ಆಚೆಯಿಂದ ಮಗಳು.

“ಕೂತ್ಕೋ ಮಗಳೇ, ನಿಂತ್ಕೋಬ್ಯಾಡ!” ಎಂದಳು ಈಚೆಯಿಂದ ತಾಯಿ. ಬೇರೆ ಏನು ತಾನೇ ಹೇಳಿಯಾಳು?

ಕೈಯಾಸರೆಗೆಂದು ಕಟ್ಟಿದ್ದ ಹಗ್ಗ ಮಾತ್ರ ಎರಡು ದಡದ ನಡುವೆ ಇನ್ನೂ ಇತ್ತು. ಆದರೆ ಜೋತಾಡುವ ತೊಲೆಯ ಭಾರ ಬಳ್ಳಿಯ ಮೂಲಕ ಅದನ್ನೂ ಎಳೆಯುತ್ತಿತ್ತು. ಬಳ್ಳಿ ಕತ್ತರಿಸದಿದ್ದರೆ ಹಗ್ಗವೂ ಹೋಗುತ್ತಿತ್ತು. ಜೊತೆಗೆ ಬಂದಿದ್ದ, ಹುಲ್ಲು ಮಾರುವ ಹುಲ್ಲಿನವಳು ಗಟ್ಟಿಗಿತ್ತಿ, ಅಂಚಿನಲ್ಲಿ ಬೋರಲು ಮಲಗಿ, ಕಣಿವೆಯ ಕಡೆ ಕಣ್ಣಿಟ್ಟುಕೊಂಡೇ ಕೈಯನ್ನು ಹಿಂದಕ್ಕೆ ಚಾಚಿದಳು. “ಎಣ್ಣೆಯವ್ವ, ಬುಟ್ಟೀಲಿ ನನ್ನ ಕುಡುಗೋಲಿದೆ, ಕೊಡು ಬೇಗ!”

ಎಣ್ಣೆಯವ್ವ ಕುಡುಗೋಲು ಎತ್ತಿದಳು. ಕೈ ತಾನಾಗಿಯೇ ಅದನ್ನು ತಿರುಗಿಸಿಕೊಂಡಿತು. ಅಲಗು ತನ್ನ ಕಡೆಗೆ, ಹಿಡಿ ಅವಳ ಕಡೆಗೆ. ಅಲಗನ್ನು ಅಂಗೈಯಲ್ಲಿ ಹಗುರವಾಗಿ ಹಿಡಿದು, ತೋಳು ಚಾಚಿ, “ತಗೋ” ಎಂದಳು.

ಎಂದವಳು ಹಾಗೇ ನಿಂತುಬಿಟ್ಟಳು. ಹುಲ್ಲಿನವಳು ಹಿಡಿಯನ್ನು ತಡಕಿ ತೆಗೆದುಕೊಂಡಳು, ಬಳ್ಳಿ ಕೊಯ್ದಳು, ತೊಲೆ ಕೆಳಗೆ ಹೋಯಿತು, ಹಗ್ಗ ಉಳಿಯಿತು, ಜನ ಉಸ್ಸೆಂದರು. ಎಣ್ಣೆಯವ್ವ ಮಾತ್ರ ಗಾಳಿಯಲ್ಲಿ ಚಾಚಿದ್ದ ತನ್ನ ಕೈಯನ್ನೇ ನೋಡುತ್ತಿದ್ದಳು. ಆ ಕೈಯನ್ನು ಅವಳು ಬಲ್ಲಳು. ದಿನಾ ಒರೆಸಿದ ಗಾಜಿನ ಹಿಂದೆ, ಮುಖದ ಕೆಳಗೆ, ತಾನು ಒಂದು ದಿನವೂ ನೋಡದ ಜಾಗದಲ್ಲಿ ಅದು ಇತ್ತು. ನಾಲ್ಕೂ ಗೋಡೆಯ ಮೇಲೆ ಇತ್ತು.

ಅವಳು ಓಡಿದಳು. ವಯಸ್ಸಾದವಳು ಹಾಗೆ ಓಡುವುದನ್ನು ಕಂಡು ಊರ ಜನವೂ ಹಿಂದೆ ಓಡಿತು. ಪಟದ ಮನೆಯ ಜಗಲಿಯಲ್ಲಿ ಕೀಲಿಯಜ್ಜ ಕೂತಿದ್ದ.

“ಬಾಗಿಲು ತೆಗಿಯಜ್ಜ.”

“ಹೊತ್ತಾಗಿಲ್ಲವಲ್ಲವ್ವ.”

“ನನ್ನ ಮಗಳ ಹೊತ್ತಾಗಿದೆ. ಸಂಕ ಮುರೀತು, ಹೊಸದು ಹಾಕ್ಬೇಕು. ತೆಗಿ.”

ಅವಳ ಮುಖ ನೋಡಿ ಅಜ್ಜ ತೆಗೆದ. ಒಳಗೆ ಹೋದವಳು ಗಂಡನ ಪಟದ ಮುಂದೆ ನಿಂತಳು. ಈ ಸಲ ಮುಖ ನೋಡಲಿಲ್ಲ, ಕೈ ನೋಡಿದಳು. ಆಮೇಲೆ ಸೆರಗಿನಿಂದ ಬೆರಳ ತುದಿಯ ಎಣ್ಣೆ ಒರೆಸಿಕೊಂಡಳು. ಅವಳು ಮಾಡಲಿರುವುದು ಅಜ್ಜನಿಗೆ ಹೊಳೆಯಿತು.

“ಬ್ಯಾಡ ಕಣವ್ವ! ಮಗಳು ನಿಂಗೊಬ್ಬಳಿಗೇನಾ? ನಾವೂ ಅಳ್ತೀವಿ. ಆದ್ರೆ ಅವನ ಕೈಲಿರೋದನ್ನ ಕಿತ್ಕೋಬ್ಯಾಡ. ಅಷ್ಟು ವರ್ಷದಿಂದ ಹಿಡ್ಕೊಂಡು ನಿಂತವನೆ.”

“ಹಿಡ್ಕೊಂಡು ನಿಂತಿಲ್ಲ ಕಣಜ್ಜ,” ಎಂದಳು ಎಣ್ಣೆಯವ್ವ. “ಕೊಡ್ತಾ ನಿಂತವನೆ. ಮನೇಲಿ ಕತ್ತಿ ಕೊಡುವಾಗ ನೀನು ಹೆಂಗೆ ಕೊಡ್ತೀಯ? ಅಲಗು ಯಾರ ಕಡೆ, ಹಿಡಿ ಯಾರ ಕಡೆ? ಕಣ್ಣು ಮುಚ್ಕೊಂಡು ಕೈ ಮುಗಿದಿದ್ದು ಸಾಕು, ಒಂದ್ಸಲ ಕಣ್ಣು ಬಿಟ್ಟು ನೋಡು. ಒಬ್ಬೊಬ್ಬರೂ ತಗೋ ತಗೋ ಅಂತ ಕೈ ಚಾಚಿದಾರೆ. ನಾವು ತಗೊಳ್ಳಲೇ ಇಲ್ಲ.”

ಎಣ್ಣೆಯವ್ವನಿಗೆ ಹೆದರಿಕೆ ಇರಲಿಲ್ಲವೆಂದಲ್ಲ. ತಪ್ಪಾಗಿದ್ದರೆ ಗಂಡನನ್ನು ತನ್ನ ಕೈಯಾರೆ ಎರಡನೇ ಸಲ ಕಳೆದುಕೊಳ್ಳುತ್ತಿದ್ದಳು. ಆದರೂ ಬಟ್ಟೆಯಿಲ್ಲದ ಬರಿಗೈಯಲ್ಲಿ ಬಾಚಿಯ ಕಾವನ್ನು ಹಿಡಿದಳು, ಗೂಟದಿಂದ ಎತ್ತಿದಳು.

ಪಟದೊಳಗಿನ ಬಾಚಿ ಮಾಸಿತು. ಮೊದಲು ಕಾವು, ಆಮೇಲೆ ಕಬ್ಬಿಣ. ಗಂಡನ ಚಾಚಿದ ಕೈ ಬರಿದಾಯಿತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಯಾರೋ ಪಟ ತಿರುಗಿಸಲು ಮುಂದೆ ಬಂದರು.

“ಮುಟ್ಟಬೇಡಿ,” ಎಂದಳು ಎಣ್ಣೆಯವ್ವ. “ನೋಡೋಣ.”

ಎಲ್ಲರೂ ನೋಡಿದರು. ಆ ಊರಿನಲ್ಲಿ ಅಷ್ಟು ಜನ ಒಟ್ಟಿಗೆ ಕಣ್ಣು ಬಿಟ್ಟುಕೊಂಡು ಆ ಗೋಡೆ ನೋಡಿದ್ದು ಅದೇ ಮೊದಲು. ಮೊದಲು ಏನೂ ಆಗಲಿಲ್ಲ. ಆಮೇಲೆ ಬೆಟ್ಟದ ಮೇಲೆ ಬಿಸಿಲು ಸರಿಯುವಷ್ಟು ನಿಧಾನವಾಗಿ ಚಾಚಿದ ತೋಳು ಕೆಳಗಿಳಿಯತೊಡಗಿತು. ಬಿಗಿದ ತುಟಿ ಸಡಿಲವಾಯಿತು. ಕಿರಿದಾಗಿದ್ದ ಕಣ್ಣು ಅಗಲವಾಯಿತು. ಅವನು ಹಿಂದಕ್ಕೊಂದು ಹೆಜ್ಜೆ ಇಟ್ಟು, ಮುಕ್ಕಾಲಿಯನ್ನು ಕೈಯಿಂದ ತಡವಿ ನೋಡಿ, ಮೆಲ್ಲಗೆ ಕೂತುಕೊಂಡ. ಎರಡೂ ಅಂಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಹೊಲದಿಂದ ಬಂದು, ಕಾಲು ತೊಳೆದು, ಊಟಕ್ಕೆ ಮೊದಲು ಒಂದು ಗಳಿಗೆ ಕೂರುವವನ ಮುಖ ಅದು. ದಿನಾ ಕಂಡದ್ದು ಸಿಟ್ಟಾಗಿರಲಿಲ್ಲ, ತೋಳು ನೋವು ಎಂದು ಎಣ್ಣೆಯವ್ವನಿಗೆ ಆಗ ತಿಳಿಯಿತು. ತಿಳಿದು, ಇಷ್ಟು ವರ್ಷ ತಡೆದಿದ್ದ ಅಳುವನ್ನೆಲ್ಲ ಅಲ್ಲೇ ನಿಂತು ಅತ್ತಳು.

ಕೀಲಿಯಜ್ಜ ತಡವರಿಸುತ್ತ ಮೂಲೆಗೆ ಹೋದ. ಗೋಡೆಗೆ ಮುಖ ಮಾಡಿದ್ದ ಗರಗಸದಜ್ಜನ ಪಟವನ್ನು ತಿರುಗಿಸಿದ. ಗರಗಸದಜ್ಜ ಮುಕ್ಕಾಲಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು ನಗುತ್ತಿದ್ದ. ಎಷ್ಟು ವರ್ಷದಿಂದ ಆ ನಗುವನ್ನು ಗೋಡೆಯೊಂದೇ ನೋಡಿತ್ತೋ.

“ಅಯ್ಯೋ, ಒಂದು ಗಳಿಗೆ ಕಾಯಲಿಲ್ಲವಲ್ಲಪ್ಪ ನಾವು,” ಎಂದ ಅಜ್ಜ. ಮೆಲ್ಲಗೆ ತನ್ನ ಅಪ್ಪನ ಪಟದ ಮುಂದೆ ಹೋಗಿ ನಿಂತ. ಅಪ್ಪನದು ಕೊಡಲಿ. ಮಗನಿಗೆ ಹಲ್ಲು ಹೋಗಿ ತಲೆ ನೆರೆತಿತ್ತು, ಪಟದ ಅಪ್ಪ ಇನ್ನೂ ಗಟ್ಟಿಮುಟ್ಟಾದ ಹರೆಯದವನು. “ಅಪ್ಪಾ, ಕೈ ನೋಯ್ತೇನೋ,” ಎಂದು ಮಗುವಿನಂತೆ ಕೇಳಿ, ಅಜ್ಜ ಕೊಡಲಿಯ ಕಾವಿಗೆ ಕೈ ಹಾಕಿದ. ಆಮೇಲೆ ಜನವನ್ನು ತಡೆಯುವವರು ಯಾರೂ ಇರಲಿಲ್ಲ. ಅವರವರ ಅಜ್ಜ, ಅವರವರ ಮುತ್ತಜ್ಜನ ಮುಂದೆ ಸಾಲುಗಟ್ಟಿದರು. ಗೋಡೆಯ ತುಂಬ ತೋಳುಗಳು ಇಳಿದವು, ಮುಕ್ಕಾಲಿಗಳು ತುಂಬಿದವು.

ಕಣಿವೆಯ ಅಂಚಿಗೆ ಸ್ವಲ್ಪ ಮೇಲೆ ಒಂದು ನೆಟ್ಟನೆಯ ಮತ್ತಿ ಮರ ಇತ್ತು. ಇದು ಮುಂದಿನ ಸಂಕ ಎಂದು ಹಿರಿಯರು ಕಾದಿರಿಸಿದ್ದರೋ ಏನೋ. ಕೀಲಿಯಜ್ಜ ಅದಕ್ಕೆ ಕೈ ಮುಗಿದು ಮೊದಲ ಏಟು ಹಾಕಿದ. ಏಟು ಜಾರಿತು. ಎರಡನೆಯದು ಕಚ್ಚಿತು. ಸುಸ್ತಾದಾಗ ಬೇರೆಯವರು ತೆಗೆದುಕೊಂಡರು, ಕಾವು ಕೈಯಿಂದ ಕೈಗೆ ಹೋಯಿತು. ಯಾರಿಗೂ ಕೆಲಸ ಬರುತ್ತಿರಲಿಲ್ಲ, ಸುಳ್ಳೇಕೆ ಹೇಳಲಿ? ಬೈರಿಗೆಯನ್ನು ಉಲ್ಟಾ ತಿರುಗಿಸಿದವರಿದ್ದರು, ಕೊಡತಿಯಿಂದ ಹೆಬ್ಬೆರಳು ಜಜ್ಜಿಕೊಂಡವರಿದ್ದರು. ಆದರೆ ಹಳೆಯ ಕಾವುಗಳು ಹಿರಿಯರ ಬೆರಳಿನಷ್ಟಕ್ಕೇ ಸವೆದು ತಗ್ಗಾಗಿದ್ದವು. ಬೆರಳು ತಗ್ಗಿಗೆ ಬಿದ್ದರೆ ಸಾಕು, ಎಲ್ಲಿ ಹಿಡಿಯಬೇಕೆಂದು ಕಾವೇ ಹೇಳಿಕೊಡುತ್ತಿತ್ತು.

ಮರ ಉರುಳಿತು. ಉರುಳಿದ ಮರದ ಮೈ ದುಂಡಗೆ, ಜಾರುಜಾರು. ಬಸುರಿ ನಡೆಯಬೇಕಾದರೆ ಮೇಲುಭಾಗ ಚಪ್ಪಟೆಯಾಗಬೇಕು. ಅದು ಬಾಚಿಯ ಕೆಲಸ. ಎಣ್ಣೆಯವ್ವ ಸೀರೆ ಮೇಲೆ ಕಟ್ಟಿ ನಿಂತಳು. ಬಲಗೈಯಲ್ಲಿ ಹಿಡಿದರೆ ಕಾವು ಒಗ್ಗಲಿಲ್ಲ, ಅಂಗೈಯಲ್ಲಿ ಹೊರಳುತ್ತಿತ್ತು. ಎಡಗೈಗೆ ಬದಲಿಸಿದಳು. ಅವಳು ಎಡಚಿಯಲ್ಲ, ಆದರೂ ಬಾಚಿ ತಟ್ಟನೆ ಸುಮ್ಮನಾಗಿ ಕೂತಿತು. ಒಂದು ಏಟು, ಒಂದು ಚಕ್ಕೆ. ಒಂದು ಹೆಜ್ಜೆ, ಇನ್ನೊಂದು ಏಟು. ಗಂಡನಿಗೆ ಗಂಜಿ ಒಯ್ದು ಕೊಟ್ಟು, ಅವನು ಕುಡಿಯುವವರೆಗೆ ಪಕ್ಕದಲ್ಲಿ ಕೂತು ನೋಡಿದ್ದೆಲ್ಲ ಎಲ್ಲಿತ್ತೋ, ತೋಳಿಗೆ ಇಳಿದು ಬಂತು.

ಆಗ ಆಚೆ ದಡದಿಂದ ಸದ್ದು ಬಂತು. ಸರ್‍ರ. ಸರ್‍ರ. ಎಲ್ಲರೂ ತಲೆ ಎತ್ತಿದರು. ಆಚೆ ಅಂಚಿನಲ್ಲಿ ನೆರೆಗಡ್ಡದ ಮುದುಕನೊಬ್ಬ ಗರಗಸ ಹಿಡಿದು, ತೊಲೆಯ ತುದಿ ಕೂರಲು ಒಂದು ದಪ್ಪ ದಿಮ್ಮಿಯಲ್ಲಿ ಕಚ್ಚು ಕೊಯ್ಯುತ್ತಿದ್ದ.

“ಹಕ್ಕಿ ಬಂತು ನೋಡ್ರಪ್ಪ!” ಎಂದಳು ಹುಲ್ಲಿನವಳು. ನಕ್ಕವರ ಕಣ್ಣೆಲ್ಲ ತೇವವಾಗಿತ್ತು.

ಈಚೆಯಿಂದ ಬಾಚಿ, ಆಚೆಯಿಂದ ಗರಗಸ. ನಡುವೆ ಆಗಾಗ ಮಗಳ ನರಳಾಟ. ಒಂದೊಂದು ನರಳಿಕೆಗೂ ಎಣ್ಣೆಯವ್ವ ಒಂದು ಏಟು ಹೆಚ್ಚು ಹಾಕಿದಳು. ಹೊತ್ತು ಪಡುವಣಕ್ಕೆ ವಾಲುವಷ್ಟರಲ್ಲಿ ತೊಲೆ ಸಿದ್ಧವಾಯಿತು. ಉಳಿದಿದ್ದ ಹಗ್ಗ ಬಿಗಿದು, ಉರುಳುಮರಗಳ ಮೇಲೆ ಈಚೆಯವರು ತಳ್ಳಿದರು, ಆಚೆಯವರು ಎಳೆದರು. ತುದಿ ಗಾಳಿಯಲ್ಲಿ ತೂಗಿತು, ಬಾಗಿತು, ಇನ್ನೇನು ಹೋಯಿತು ಎನ್ನುವಾಗ ಆಚೆಯ ಕಚ್ಚಿನಲ್ಲಿ ಧೊಪ್ಪನೆ ಕೂತಿತು.

“ಹಿಡಿದವರ ಕೈ ಹಗುರಾಗಲಿ,” ಎಂದ ಕೀಲಿಯಜ್ಜ, ಕಣ್ಣು ಬಿಟ್ಟುಕೊಂಡೇ.

ಆಡು ಬಂತು. ಈ ಸಲ ನಿಲ್ಲದೆ ಬಂತು. ಅದರ ಹಿಂದೆ ಮಗಳು, ಹೊಸ ಹಗ್ಗ ಕಟ್ಟಿದ ಆಸರೆ ಹಿಡಿದು, ಬರಿಗಾಲಲ್ಲಿ. ಕೆಳಗೆ ಮೋಡ. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ನಟ್ಟನಡುವೆ ಬಂದವಳು ನಿಂತಳು. ಎಣ್ಣೆಯವ್ವ ಸಂಕದ ತುದಿಗೆ ಓಡಿದಳು.

“ಯಾಕೆ ಮಗಳೇ? ಮತ್ತೆ ನೋವು ಬಂತಾ?”

“ಇಲ್ಲವ್ವ.” ಮಗಳು ಪಾದವನ್ನು ತೊಲೆಯ ಮೇಲೆ ಮೆಲ್ಲಗೆ ಆಚೀಚೆ ಉಜ್ಜಿದಳು. ಬಗ್ಗಿ ನೋಡಲು ಹೊಟ್ಟೆ ಬಿಡುತ್ತಿರಲಿಲ್ಲ, ಪಾದದಲ್ಲೇ ನೋಡುತ್ತಿದ್ದಳು. ಎಡಕ್ಕೆ ಒರಗಿದ ಏಟುಗಳು, ಒಂದರ ಮೇಲೊಂದು. “ಅವ್ವಾ, ಇದು ನಮ್ಮ ಹೊಸಿಲು ಕಣವ್ವ. ಕಾಲಿಗೆ ಗೊತ್ತಾಗುತ್ತೆ.” ಅವಳು ತಲೆ ಎತ್ತಿದಳು. “ಅಪ್ಪ ಯಾವಾಗ ಬಂದಿದ್ದ?”

ಎಣ್ಣೆಯವ್ವ ತನ್ನ ಎಡಗೈಯನ್ನು ನೋಡಿಕೊಂಡಳು. ಅಂಗೈ ಬೊಬ್ಬೆ ಎದ್ದಿತ್ತು.

“ಬಂದಿದ್ದ,” ಎಂದಳು. “ಈಗ ತಾನೇ ಕೂತ. ನೀ ಬಾ.”